ಬೇಸ್ ಗಿಟಾರ್: ಕೊಳ್ಳುವವರು, ಕಟ್ಟುವವರು, ನುಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸ್ ಹಿಡಿದವರು ಮೊದಲ ದಿನ ಕೇಳುವ ಪ್ರಶ್ನೆಗಳೂ ಇಲ್ಲಿವೆ, ಮರ ಕೊಯ್ಯಲು ಹೊರಟವರು ಕೇಳುವವೂ ಇವೆ. ನನಗೆ ಇದರಲ್ಲಿ ಒಂದು ಗಟ್ಟಿ ಅಭಿಪ್ರಾಯವಿದೆ: ಬೇಸ್ ಚೆನ್ನಾಗಿ ಕೇಳಿಸಬೇಕಾದರೆ ಅದರ ಮೇಲಿರುವ ಹೆಸರಿಗಿಂತ ನೆಕ್ (ಎಡಗೈ ಹಿಡಿಯುವ ನೀಳ ಕತ್ತು), ತಂತಿ, ಸೆಟಪ್ (ವಾದ್ಯದ ಅಳತೆಗಳನ್ನು ಹೊಂದಿಸುವುದು) ಮತ್ತು ನುಡಿಸುವ ಕೈ ಮುಖ್ಯ. ಕೆಳಗಿನ ಉತ್ತರಗಳಲ್ಲಿ ಜಾಸ್ತಿ ಜಾಗ ಅವಕ್ಕೇ ಕೊಟ್ಟಿದ್ದೇನೆ.

ಬೇಸ್‌ಗೂ ಮಾಮೂಲಿ ಗಿಟಾರ್‌ಗೂ ಏನು ವ್ಯತ್ಯಾಸ?

ಸಾಮಾನ್ಯ ಬೇಸ್‌ನಲ್ಲಿ ನಾಲ್ಕು ದಪ್ಪ ತಂತಿಗಳಿರುತ್ತವೆ. ಇ, ಎ, ಡಿ, ಜಿ. ಗಿಟಾರಿನ ದಪ್ಪ ತಂತಿಗಳು ನಾಲ್ಕಕ್ಕೂ ಇವೇ ಹೆಸರು, ಆದರೆ ಬೇಸ್‌ನಲ್ಲಿ ಎಲ್ಲವೂ ಒಂದು ಸ್ಥಾಯಿ ಕೆಳಗೆ. ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ, ಜಿ ತಂತಿ 98 ಸಲ. ಇಷ್ಟು ಕೆಳಗಿನ ಸ್ವರ ಸ್ಪಷ್ಟವಾಗಿ ಬರಬೇಕಾದರೆ ತಂತಿ ಉದ್ದವಾಗಿರಬೇಕು. ಅದಕ್ಕೇ ಬೇಸ್‌ನ ನೆಕ್ ಅಷ್ಟು ನೀಳ.

ಕೆಲಸವೂ ಬೇರೆ. ಡ್ರಮ್ಸ್ ಹಿಡಿದ ಲಯ ಒಂದು ಕಡೆ, ಹಾಡಿನ ಸ್ವರಗಳು ಇನ್ನೊಂದು ಕಡೆ. ಎರಡನ್ನೂ ಕಟ್ಟಿಹಾಕುವುದು ಬೇಸ್.

ಮೊದಲು ಗಿಟಾರ್ ಕಲಿತು ಆಮೇಲೆ ಬೇಸ್‌ಗೆ ಬರಬೇಕಾ?

ಬೇಡ. ಬೇಸ್ ಇಷ್ಟವಾದರೆ ನೇರವಾಗಿ ಬೇಸ್ ಹಿಡಿಯಿರಿ.

ನಾಲ್ಕು ತಂತಿಯದ್ದೋ, ಐದರದ್ದೋ?

ಐದು ತಂತಿಯ ಬೇಸ್‌ನಲ್ಲಿ ಇ ತಂತಿಗೂ ಕೆಳಗೆ ಒಂದು ಬಿ ತಂತಿ ಇರುತ್ತದೆ, ಸುಮಾರು 31 ಹರ್ಟ್ಸ್. ನಿಮ್ಮ ಸಂಗೀತಕ್ಕೆ ಆ ಸ್ವರಗಳು ಬೇಕೇ ಬೇಕು ಅನ್ನಿಸಿದರೆ ಐದು ತೆಗೆದುಕೊಳ್ಳಿ. ಇಲ್ಲದಿದ್ದರೆ ನಾಲ್ಕರಿಂದ ಶುರು ಮಾಡಿ. ಐದನೇ ತಂತಿ ಬಂದರೆ ನೆಕ್ ಅಗಲವಾಗುತ್ತದೆ, ಭಾರ ಹೆಚ್ಚುತ್ತದೆ, ಸುಮ್ಮನಿರಿಸಬೇಕಾದ ತಂತಿ ಒಂದು ಜಾಸ್ತಿಯಾಗುತ್ತದೆ. ಹೊಸಬರಿಗೆ ಕಷ್ಟವಾಗುವುದು ಈ ಕೊನೆಯದೇ.

ಎಲ್ಲರೂ ‘ಪಿ’, ‘ಜೆ’ ಅನ್ನುತ್ತಾರಲ್ಲ, ಏನದು?

ಫೆಂಡರ್ ಕಂಪನಿಯ ಎರಡು ಮಾದರಿಗಳು. ಪ್ರಿಸಿಷನ್ ಬೇಸ್ 1951ರಲ್ಲಿ ಬಂತು, ಜಾಝ್ ಬೇಸ್ 1960ರಲ್ಲಿ. ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಇರುವ ಎಲೆಕ್ಟ್ರಿಕ್ ಬೇಸನ್ನು ಪಾಲ್ ಟುಟ್‌ಮಾರ್ಕ್ 1930ರ ದಶಕದಲ್ಲೇ ಮಾಡಿದ್ದರು, ಆದರೆ ಜನರ ಕೈಗೆ ದೊಡ್ಡ ಮಟ್ಟದಲ್ಲಿ ತಲುಪಿದ್ದು ಲಿಯೋ ಫೆಂಡರ್ ಮಾಡಿದ್ದು. ಅಲ್ಲಿವರೆಗೆ ಬೇಸ್ ನುಡಿಸುವವರು ಆಳೆತ್ತರದ, ಫ್ರೆಟ್ ಇಲ್ಲದ ಡಬಲ್ ಬೇಸ್ ಹೊತ್ತು ತಿರುಗಬೇಕಿತ್ತು. ಫ್ರೆಟ್ ಬಂದ ಮೇಲೆ ಸ್ವರ ಕರಾರುವಾಕ್ಕಾಗಿ ಸಿಗತೊಡಗಿತು, ಪ್ರಿಸಿಷನ್ ಅನ್ನುವ ಹೆಸರು ಬಂದದ್ದು ಅದರಿಂದಲೇ.

ಇವತ್ತಿಗೂ ಬಹುತೇಕ ಬೇಸ್‌ಗಳು ಇವೆರಡರ ಮಕ್ಕಳು, ಮೊಮ್ಮಕ್ಕಳು. ಪಿ ಬೇಸ್‌ನಲ್ಲಿ ಎರಡು ತುಂಡಾಗಿ ಒಡೆದಂತೆ ಕಾಣುವ ಒಂದೇ ಪಿಕಪ್ (ತಂತಿಯ ಅದುರುವಿಕೆಯನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಇದೆ. 1957ರಿಂದ ಅದೇ ವಿನ್ಯಾಸ. ದನಿ ದುಂಡಗೆ, ತುಂಬಿದಂತೆ ಬರುತ್ತದೆ, ಗದ್ದಲದ ವಾದ್ಯಗಳ ನಡುವೆಯೂ ಮುಳುಗುವುದಿಲ್ಲ. ಜೆ ಬೇಸ್‌ನಲ್ಲಿ ಎರಡು ಪಿಕಪ್, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್. ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹತ್ತಿರ ನೆಕ್ 38 ಮಿ.ಮೀ. ಮಾತ್ರ ಅಗಲ, ಪಿ ಬೇಸ್‌ನದು 41ರಿಂದ 44. ಜೆ ದನಿಯಲ್ಲಿ ಸ್ವಲ್ಪ ಗೊರಗೊರ ಇರುತ್ತದೆ, ಒಂದೊಂದು ಬೆರಳಿನ ಏಟೂ ಬಿಡಿಬಿಡಿಯಾಗಿ ಕೇಳುತ್ತದೆ.

ಮೂರನೆಯ ದೊಡ್ಡ ಕುಟುಂಬ 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ. ಬ್ರಿಜ್ (ಬಾಡಿಯ ಮೇಲೆ ತಂತಿಗಳ ಇನ್ನೊಂದು ತುದಿ ಕೂರುವ ಭಾಗ) ಹತ್ತಿರ ಒಂದು ದೊಡ್ಡ ಹಂಬಕರ್ (ಗುಂಯ್ ಸದ್ದು ಅಳಿಸುವ ಜೋಡಿ ಸುರುಳಿಯ ಪಿಕಪ್), ಒಳಗೆ ಬ್ಯಾಟರಿಯ ಪ್ರೀಆಂಪ್ (ಆಂಪ್‌ಗೆ ಮುಂಚೆಯೇ ದನಿ ಹಿಗ್ಗಿಸಿ ತಿದ್ದುವ ಸರ್ಕ್ಯೂಟ್). ಹೆಬ್ಬೆರಳಿನಿಂದ ಹೊಡೆದು ನುಡಿಸುವವರಿಗೆ ತುಂಬಾ ಇಷ್ಟ.

ಒಂದನ್ನೇ ಇಟ್ಟುಕೋ ಅಂದರೆ ನಾನು ಪಿ ಇಟ್ಟುಕೊಳ್ಳುತ್ತೇನೆ. ತಿರುಗಿಸಲು ಇರುವುದು ಎರಡೇ ಗುಬುಟು. ಉಳಿದದ್ದನ್ನೆಲ್ಲ ಕೈಯಿಂದಲೇ ತರಬೇಕು, ಕೈ ಬೇಗ ಪಳಗುತ್ತದೆ.

ನನ್ನ ಕೈ ಚಿಕ್ಕದು. ಬೇಸ್ ಆಗುತ್ತಾ?

ಖಂಡಿತ ಆಗುತ್ತದೆ. ಸಾಮಾನ್ಯ ಬೇಸ್‌ನ ಸ್ಕೇಲ್, ಅಂದರೆ ನಟ್‌ನಿಂದ ಬ್ರಿಜ್‌ವರೆಗೆ ತಂತಿಯ ಉದ್ದ, 34 ಇಂಚು. ಶಾರ್ಟ್ ಸ್ಕೇಲ್ ಬೇಸ್‌ಗಳು 30 ಇಂಚಿನವು. ಅವುಗಳಲ್ಲಿ ಫ್ರೆಟ್‌ಗಳು ಹತ್ತಿರವಿರುತ್ತವೆ, ತಂತಿಯೂ ಮೆದುವಾಗಿರುತ್ತದೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕೈಯಲ್ಲಿ ಪ್ರಸಿದ್ಧವಾದ, ಪಿಟೀಲಿನ ಆಕಾರದ ಹಾಫ್ನರ್ ಶಾರ್ಟ್ ಸ್ಕೇಲೇ. ಅದು ಮಕ್ಕಳ ಆಟಿಕೆ ಅನ್ನುವವರ ಮಾತಿಗೆ ಕಿವಿಗೊಡಬೇಡಿ.

ಆದರೂ ಮೊದಲು 34 ಇಂಚಿನದನ್ನೇ ಕೂತು ಹಿಡಿದು ನೋಡಿ. ಕೈ ಎಟಕುತ್ತಿಲ್ಲ ಅನ್ನುವವರಲ್ಲಿ ಜಾಸ್ತಿ ಜನರ ತೊಂದರೆ ಬೆರಳಿನ ಉದ್ದದ್ದಾಗಿರುವುದಿಲ್ಲ. ಹೆಬ್ಬೆರಳು ನೆಕ್‌ನ ಮೇಲೆ ಹತ್ತಿ ಕೂತಿರುತ್ತದೆ. ಅದನ್ನು ಹಿಂದೆ, ನೆಕ್‌ನ ನಡುವಿಗೆ ಇಳಿಸಿದರೆ ಉಳಿದ ಬೆರಳುಗಳು ತಾವಾಗಿಯೇ ಹರಡಿಕೊಳ್ಳುತ್ತವೆ.

ಆಕ್ಟಿವ್ ಒಳ್ಳೆಯದೋ, ಪ್ಯಾಸಿವ್ ಒಳ್ಳೆಯದೋ?

ಆಕ್ಟಿವ್ ಬೇಸ್‌ನಲ್ಲಿ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಇರುತ್ತದೆ. ಕೆಳಗಿನ ಸ್ವರ, ಮೇಲಿನ ಸ್ವರ ಎರಡನ್ನೂ ಏರಿಸಬಹುದು, ಇಳಿಸಬಹುದು. ಪ್ಯಾಸಿವ್‌ನಲ್ಲಿ ಇರುವುದನ್ನು ಇಳಿಸಲು ಮಾತ್ರ ಸಾಧ್ಯ. ಎರಡೂ ಒಳ್ಳೆಯವೇ. ಆಕ್ಟಿವ್ ಇದ್ದರೆ ನುಡಿಸಿದ ಮೇಲೆ ಕೇಬಲ್ ಕಿತ್ತಿಡಿ. ಕೇಬಲ್ ಜಾಕ್‌ನಲ್ಲಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಹಳೇ ಬೇಸ್ ಕೊಳ್ಳುವಾಗ ಏನೇನು ನೋಡಬೇಕು?

ಮೊದಲು ನೆಕ್. ಬಣ್ಣ, ಗೀರು, ಹೊಳಪು ಎಲ್ಲ ಆಮೇಲೆ.

ಹೆಡ್‌ಸ್ಟಾಕ್ (ಬಿರಡೆಗಳಿರುವ ನೆಕ್‌ನ ತಲೆ) ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್‌ನ ಎರಡೂ ಅಂಚುಗಳನ್ನು ನೋಡಿ. ಸ್ವಲ್ಪ ಮುಂದಕ್ಕೆ ಬಾಗಿದ್ದರೆ ಪರವಾಗಿಲ್ಲ, ಸರಿಮಾಡಬಹುದು. ಆದರೆ ಒಂದು ಅಂಚು ಒಂದು ಥರ, ಇನ್ನೊಂದು ಬೇರೆ ಥರ ಕಂಡರೆ ನೆಕ್ ತಿರುಚಿಕೊಂಡಿದೆ. ಅಂಥದ್ದನ್ನು ಬಿಟ್ಟುಬಿಡಿ, ಎಷ್ಟು ಅಗ್ಗವಾದರೂ ಸರಿ.

ಆಮೇಲೆ ಟ್ರಸ್ ರಾಡ್, ಅಂದರೆ ನೆಕ್‌ನ ಬಾಗು ಸರಿಮಾಡಲು ಒಳಗಿರುವ ಉಕ್ಕಿನ ಸರಳು. ಮಾಲೀಕರ ಒಪ್ಪಿಗೆ ಪಡೆದು ಕಾಲು ಸುತ್ತು ತಿರುಗಿಸಿ ನೋಡಿ. ತಿರುಗಬೇಕು, ನೆಕ್ ಸ್ವಲ್ಪವಾದರೂ ಸ್ಪಂದಿಸಬೇಕು. ಕೊನೇವರೆಗೂ ಬಿಗಿದಿದ್ದರೂ ನೆಕ್ ಇನ್ನೂ ಬಾಗಿಯೇ ಇದ್ದರೆ ರಿಪೇರಿ ದುಬಾರಿ. ಅಲೆನ್ ಕೀ ಕೂರುವ ಜಾಗ ಸವೆದು ದುಂಡಗಾಗಿದೆಯಾ ಅಂತಲೂ ನೋಡಿ.

ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒಂದೊಂದು ಸಲ ನುಡಿಸಿ. ಬೇಜಾರಿನ ಕೆಲಸ ನಿಜ, ಆದರೆ ಎಲ್ಲಿ ಸದ್ದು ಕಚ್ಚುತ್ತದೆ, ಎಲ್ಲಿ ಸ್ವರ ಸತ್ತುಹೋಗುತ್ತದೆ ಅಂತ ತಿಳಿಯಲು ಬೇರೆ ದಾರಿಯಿಲ್ಲ. ಗುಬುಟು ತಿರುಗಿಸಿದಾಗ ಚರಪರ ಅಂದರೆ ಹೆದರಬೇಡಿ. ಅದು ಪಾಟ್‌ನ (ಗುಬುಟಿನ ಕೆಳಗಿರುವ ವಿದ್ಯುತ್ ಭಾಗದ) ಒಳಗಿನ ಧೂಳು, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಸಾಮಾನ್ಯವಾಗಿ ಹೋಗುತ್ತದೆ. ಪಾಟ್ ಬದಲಿಸಬೇಕಾಗಿ ಬಂದರೂ ಸಣ್ಣ ಖರ್ಚು.

ಕೊನೆಗೆ ಬೆಲ್ಟ್ ಹಾಕಿಕೊಂಡು ನಿಂತು, ಎಡಗೈ ಬಿಡಿ. ಹೆಡ್‌ಸ್ಟಾಕ್ ನೆಲದ ಕಡೆ ಜಾರಿದರೆ ನುಡಿಸುವಷ್ಟು ಹೊತ್ತೂ ಎಡಗೈ ಅದನ್ನು ಹೊರಬೇಕಾಗುತ್ತದೆ. ಸಾಮಾನ್ಯ ಬೇಸ್ 3.5ರಿಂದ 4.5 ಕೆ.ಜಿ. ತೂಗುತ್ತದೆ. ಒಂದು ಗಂಟೆ ನಿಂತು ನುಡಿಸುವವರಿಗೆ ಆ ಒಂದು ಕಿಲೋ ವ್ಯತ್ಯಾಸ ಭುಜಕ್ಕೆ ಚೆನ್ನಾಗಿ ಗೊತ್ತಾಗುತ್ತದೆ.

ಗಿಟಾರ್ ಆಂಪ್‌ಗೆ ಬೇಸ್ ಹಾಕಬಹುದಾ?

ಸಣ್ಣ ದನಿಯಲ್ಲಿ ಹಾಕಬಹುದು. ಜೋರು ಮಾಡಿದರೆ ಸ್ಪೀಕರ್ ಹರಿದೀತು. ಮನೆಯಲ್ಲಿ ಅಭ್ಯಾಸಕ್ಕೆ 15–30 ವ್ಯಾಟ್‌ನ ಬೇಸ್ ಆಂಪ್ ಸಾಕು, ಒಳ್ಳೆಯ ಹೆಡ್‌ಫೋನ್ ಇದ್ದರೂ ಸಾಕು. ಡ್ರಮ್ಸ್ ಜೊತೆ ನುಡಿಸಬೇಕಾದರೆ 200–300 ವ್ಯಾಟ್ ಇರಲಿ. ಕೆಳಗಿನ ಸ್ವರಗಳನ್ನು ಜೋರಾಗಿ ಕೇಳಿಸಲು ತುಂಬಾ ಶಕ್ತಿ ಬೇಕು.

ಸೆಟಪ್ ಅಂದರೆ ಏನು? ನಾನೇ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಲೇಬೇಕು ಅನ್ನುವವನು ನಾನು. ಹೊಸ ಬೇಸ್ ಕೊಳ್ಳುವ ಆಸೆ ಹುಟ್ಟಿದಾಗೆಲ್ಲ ಮೊದಲು ಇರುವುದಕ್ಕೆ ಹೊಸ ತಂತಿ ಹಾಕಿ ಸೆಟಪ್ ಮಾಡಿ ನೋಡಿ. ಎಷ್ಟೋ ಸಲ ಆ ಆಸೆ ಅಲ್ಲಿಗೇ ತೀರುತ್ತದೆ. ಬೇಕಾದ್ದು ಅಲೆನ್ ಕೀಗಳು, ಒಂದು ಸ್ಕ್ರೂಡ್ರೈವರ್, ಮಿಲಿಮೀಟರ್ ಗುರುತಿನ ಸ್ಟೀಲ್ ಸ್ಕೇಲ್, ಫೀಲರ್ ಗೇಜ್, ಒಂದು ಟ್ಯೂನರ್.

ಕೆಲಸಕ್ಕೊಂದು ಕ್ರಮವಿದೆ, ಅದನ್ನು ತಪ್ಪಿಸಬೇಡಿ. ಹೊಸ ತಂತಿ ಹಾಕಿ ಶ್ರುತಿ ಮಾಡಿ. ಈಗ ಇ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಎಳೆದ ತಂತಿ ನೇರವಾದ ಅಳತೆಪಟ್ಟಿಯಾಗಿಬಿಡುತ್ತದೆ. ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ ನೋಡಿ. 0.3 ಮಿ.ಮೀ. ಇದ್ದರೆ ಸರಿ, ಅಂದರೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು. ಜಾಸ್ತಿ ಇದ್ದರೆ ಟ್ರಸ್ ರಾಡ್ ಬಿಗಿ ಮಾಡಿ, ಸಂದೇ ಇಲ್ಲದಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಮರ ಪೂರ್ತಿ ಕೂರಲು ಕೆಲವು ಗಂಟೆ ಬೇಕಾಗಬಹುದು.

ಆಮೇಲೆ ತಂತಿಯ ಎತ್ತರ. ಬ್ರಿಜ್‌ನ ಸ್ಯಾಡಲ್‌ಗಳನ್ನು (ಒಂದೊಂದು ತಂತಿ ಕೂರುವ ತುಂಡುಗಳನ್ನು) ಏರಿಸಿ ಇಳಿಸಿ, 12ನೇ ಫ್ರೆಟ್ ಮೇಲೆ ಇ ತಂತಿ 2.5 ಮಿ.ಮೀ., ಜಿ ತಂತಿ 2 ಮಿ.ಮೀ. ಎತ್ತರಕ್ಕೆ ತನ್ನಿ. ಇದು ಆರಂಭದ ಅಳತೆ ಅಷ್ಟೇ. ಮೆಲ್ಲಗೆ ಮೀಟುವವರು ಇನ್ನೂ ಇಳಿಸಬಹುದು, ಬಲವಾಗಿ ಮೀಟುವವರಿಗೆ ಸ್ವಲ್ಪ ಎತ್ತರ ಬೇಕು.

ನಂತರ ಇಂಟೊನೇಷನ್, ಅಂದರೆ ನೆಕ್‌ನ ಉದ್ದಕ್ಕೂ ಸ್ವರ ಸರಿಯಾಗಿ ಬರುವಂತೆ ಹೊಂದಿಸುವುದು. 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಸುಮ್ನೆ ಮುಟ್ಟಿ ಮೀಟಿ ಹಾರ್ಮೋನಿಕ್ (ಗಂಟೆಯಂಥ ಸ್ವರ) ಕೇಳಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಟ್ಯೂನರ್‌ನಲ್ಲಿ ಎರಡೂ ಒಂದೇ ತೋರಿಸಬೇಕು. ಒತ್ತಿದ ಸ್ವರ ಮೇಲೆ ಹೋಗಿದ್ದರೆ ಸ್ಯಾಡಲ್ ಹಿಂದಕ್ಕೆ ಸರಿಸಿ, ಕೆಳಗಿದ್ದರೆ ಮುಂದಕ್ಕೆ. ಹಳೇ ತಂತಿಯಲ್ಲಿ ಇದನ್ನು ಮಾಡಬೇಡಿ, ಲೆಕ್ಕ ಕೂಡಿಬರುವುದಿಲ್ಲ.

ಪಿಕಪ್ ಎತ್ತರ ಕೊನೆಗೆ. ಕೊನೆಯ ಫ್ರೆಟ್ ಒತ್ತಿದಾಗ ತಂತಿಗೂ ಪಿಕಪ್‌ಗೂ 2ರಿಂದ 3 ಮಿ.ಮೀ. ಇರಲಿ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ಕೆಡಿಸುತ್ತದೆ.

ಟ್ರಸ್ ರಾಡ್ ಮುಟ್ಟಿದರೆ ನೆಕ್ ಮುರಿದುಹೋಗಲ್ವಾ?

ನಿಧಾನವಾಗಿ ತಿರುಗಿಸಿದರೆ ಇಲ್ಲ. ನಾಲ್ಕು ತಂತಿ ಸೇರಿ ನೆಕ್ಕನ್ನು ಸುಮಾರು 75–80 ಕೆ.ಜಿ. ಬಲದಿಂದ ಎಳೆಯುತ್ತಿರುತ್ತವೆ. ಅದನ್ನು ಎದುರಿಸಲೆಂದೇ ನೆಕ್ ಒಳಗೆ ಆ ಉಕ್ಕಿನ ಸರಳು ಇರುವುದು. ತಿರುಗಿಸುವಾಗ ಬಲ ಹಾಕಬೇಕಾಗಿ ಬಂದರೆ ನಿಲ್ಲಿಸಿ. ತಂತಿ ಸಡಿಲಿಸಿ ಇನ್ನೊಮ್ಮೆ ನೋಡಿ. ಆಗಲೂ ಬಿಗಿಯಾಗಿದ್ದರೆ ಬಲ್ಲವರಿಗೆ ತೋರಿಸಿ.

ಇನ್ನೊಂದು ಮಾತು: ತಂತಿಯ ಎತ್ತರ ಬದಲಾಯಿಸಲು ಟ್ರಸ್ ರಾಡ್ ತಿರುಗಿಸಬೇಡಿ. ಅದರ ಕೆಲಸ ನೆಕ್‌ನ ಬಾಗು ಸರಿಮಾಡುವುದು ಮಾತ್ರ.

ಯಾವ ತಂತಿ ಹಾಕಲಿ? ಎಷ್ಟು ದಿನಕ್ಕೊಮ್ಮೆ ಬದಲಾಯಿಸಲಿ?

ರೌಂಡ್‌ವೂಂಡ್ ತಂತಿಯ ಮೇಲ್ಮೈ ತರಿತರಿ, ದನಿ ಚುರುಕು. ಫ್ಲಾಟ್‌ವೂಂಡ್ ನುಣುಪು, ದನಿ ದುಂಡು, ಬೆರಳು ಜಾರಿಸಿದಾಗ ಕೀಚ್ ಅನ್ನುವುದಿಲ್ಲ. ದಪ್ಪದಲ್ಲಿ 45ರಿಂದ 105ರ ಸೆಟ್ ಎಲ್ಲ ಕಡೆ ನಡೆಯುತ್ತದೆ. ಅಂದರೆ ಜಿ ತಂತಿ 0.045 ಇಂಚು, ಇ ತಂತಿ 0.105 ಇಂಚು. ಇಲ್ಲಿಂದ ಶುರು ಮಾಡಿ.

ರೌಂಡ್‌ವೂಂಡ್ ತಂತಿಗಳ ಹೊಳಪು ಕೆಲವು ವಾರಗಳಲ್ಲಿ ಮಂಕಾಗುತ್ತದೆ, ಬೆವರು ಮತ್ತು ಜಿಡ್ಡು ಸುರುಳಿಗಳ ನಡುವೆ ಸೇರಿಕೊಳ್ಳುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿದರೆ ಆಯಸ್ಸು ಹೆಚ್ಚುತ್ತದೆ. ಕುದಿಯುವ ನೀರಿಗೆ ಹಾಕಿ ತೆಗೆದರೆ ಜಿಡ್ಡು ಬಿಟ್ಟು ಮತ್ತೆ ಸ್ವಲ್ಪ ದಿನ ಹೊಳೆಯುತ್ತವೆ, ಆದರೆ ಪೂರ್ತಿ ಒಣಗಿಸಿಯೇ ಹಾಕಿ. ಫ್ಲಾಟ್‌ವೂಂಡ್ ಮಾತ್ರ ವರ್ಷಗಟ್ಟಲೆ ಬರುತ್ತದೆ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ತಮ್ಮ ಫ್ಲಾಟ್‌ವೂಂಡ್ ತಂತಿಗಳನ್ನು ಬದಲಾಯಿಸುತ್ತಿದ್ದುದೇ ಅಪರೂಪ.

ಹಾಕುವಾಗ ಒಂದು ಎಚ್ಚರಿಕೆ. ತಂತಿಯನ್ನು ಅದರ ಬಿರಡೆಯಿಂದ 10–12 ಸೆಂ.ಮೀ. ಆಚೆಗೆ ಅಳೆದು, ಅಲ್ಲಿ ಚೂಪಾಗಿ ಬಾಗಿಸಿ, ಬಾಗಿದ ಜಾಗದ ಆಚೆ ಕತ್ತರಿಸಿ. ಬಾಗಿಸದೆ ಕತ್ತರಿಸಿದರೆ ಹೊರಗಿನ ಸುರುಳಿ ಸಡಿಲವಾಗಿ ತಂತಿ ಮಂಕಾಗಬಹುದು. ಸುತ್ತುಗಳು ಮೇಲಿನಿಂದ ಕೆಳಕ್ಕೆ ಇಳಿಯಲಿ, ಎರಡು ಮೂರು ಸುತ್ತು ಸಾಕು.

ಆಂಪ್‌ನಿಂದ ಗುಂಯ್ ಅಂತ ಸದ್ದು ಬರುತ್ತಿದೆ.

ತಂತಿ ಮುಟ್ಟಿದ ಕೂಡಲೇ ಸದ್ದು ಕಡಿಮೆಯಾದರೆ ಬೇಸ್‌ನ ಗ್ರೌಂಡ್ ಸರಿಯಿದೆ, ಶೀಲ್ಡಿಂಗ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ) ಸಾಲದು. ಪಿಕಪ್ ಮತ್ತು ಪಾಟ್‌ಗಳು ಕೂರುವ ಗುಳಿಯ ಒಳಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡ್‌ಗೆ ಸೇರಿಸಿದರೆ ಕಡಿಮೆಯಾಗುತ್ತದೆ. ಮುಟ್ಟಿದರೂ ಬದಲಾಗದಿದ್ದರೆ ಬ್ರಿಜ್‌ಗೆ ಹೋಗುವ ಗ್ರೌಂಡ್ ವೈರ್ ಬಿಟ್ಟುಕೊಂಡಿದೆಯಾ ನೋಡಿ. ಜೆ ಬೇಸ್ ಆದರೆ ಎರಡೂ ವಾಲ್ಯೂಮ್ ಪೂರ್ತಿ ತೆರೆಯಿರಿ. ಒಂದು ಪಿಕಪ್‌ನ ಗುಂಯ್ ಅನ್ನು ಇನ್ನೊಂದು ಅಳಿಸಿಹಾಕುತ್ತದೆ.

ಜಿ ತಂತಿಯ ಐದು, ಆರು, ಏಳನೇ ಫ್ರೆಟ್ ಹತ್ತಿರ ಒಂದು ಸ್ವರ ಬೇಗ ಸತ್ತುಹೋಗುತ್ತದೆ. ಬೇಸ್ ಕೆಟ್ಟಿದೆಯಾ?

ಇಲ್ಲ. ಇದಕ್ಕೆ ಡೆಡ್ ಸ್ಪಾಟ್ ಅನ್ನುತ್ತಾರೆ. ನೆಕ್‌ಗೂ ತನ್ನದೇ ಒಂದು ಅದುರುವ ವೇಗವಿದೆ. ತಂತಿಯ ಸ್ವರ ಅದಕ್ಕೆ ಹೊಂದಿಬಿಟ್ಟರೆ ಶಕ್ತಿಯೆಲ್ಲ ನೆಕ್‌ಗೆ ಹೋಗಿ ಸ್ವರ ಬೇಗ ಅಡಗುತ್ತದೆ. ಹೆಡ್‌ಸ್ಟಾಕ್‌ಗೆ ಒಂದು ಸಣ್ಣ ಭಾರದ ಕ್ಲಾಂಪ್ ಹಾಕಿದರೆ ಆ ಜಾಗ ಸರಿಯುತ್ತದೆ. ಇಲ್ಲದಿದ್ದರೆ ಅದೇ ಸ್ವರವನ್ನು ಡಿ ತಂತಿಯಲ್ಲಿ ನುಡಿಸಿ.

ನನ್ನದೇ ಬೇಸ್ ಕಟ್ಟಬೇಕು. ಎಲ್ಲಿಂದ ಶುರು ಮಾಡಲಿ?

ನೆಕ್ ಕೊಂಡುಕೊಳ್ಳಿ, ಬಾಡಿ ನೀವೇ ಮಾಡಿ. ನನ್ನ ಸಲಹೆ ಇದೇ. ನೆಕ್ ಮಾಡಲು ನೇರ ಎಳೆಯ, ಚೆನ್ನಾಗಿ ಒಣಗಿದ ಮರ ಬೇಕು. ಟ್ರಸ್ ರಾಡ್‌ನ ಕಾಲುವೆ, ಫ್ರೆಟ್ ಸೀಳು, ಫ್ರೆಟ್ ಮಟ್ಟ ಮಾಡುವುದು, ಎಲ್ಲದರಲ್ಲೂ ಕೂದಲೆಳೆಯ ಲೆಕ್ಕ. ಬಾಡಿ ಹಾಗಲ್ಲ, ಅಷ್ಟಿಷ್ಟು ಏರುಪೇರನ್ನು ಸಹಿಸಿಕೊಳ್ಳುತ್ತದೆ. ಮರಗೆಲಸ ಪೂರ್ತಿ ಹೊಸದಾದರೆ ಮೊದಲು ಕಿಟ್ ತಂದು ಜೋಡಿಸಿ.

ಬಾಡಿಗೆ ಆಲ್ಡರ್, ಆಶ್, ಮಹಾಗನಿ, ಬಾಸ್‌ವುಡ್ ಎಲ್ಲ ಬಳಕೆಯಲ್ಲಿವೆ. ಎಲೆಕ್ಟ್ರಿಕ್ ಬೇಸ್‌ನ ದನಿಯನ್ನು ಬಾಡಿಯ ಮರ ಎಷ್ಟು ಬದಲಿಸುತ್ತದೆ ಅನ್ನುವ ಜಗಳ ಮುಗಿಯುವಂಥದ್ದಲ್ಲ. ಪಿಕಪ್ ಎಲ್ಲಿ ಕೂರುತ್ತದೆ, ತಂತಿ ಯಾವುದು ಅನ್ನುವುದರ ಮುಂದೆ ಅದು ಸಣ್ಣದು ಅನ್ನುವುದು ನನ್ನ ನಂಬಿಕೆ. ಹಗುರವಾದ, ಒಣಗಿದ, ಗಂಟಿಲ್ಲದ ಮರ ಆರಿಸಿ. ಬೀಟೆ ಮರ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳದೆ ಕೆಲಸ ಮಾಡಬೇಡಿ. ಅದರ ಪುಡಿ ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲ.

ಮರದ ಮೇಲೆ ಮೊದಲು ಎಳೆಯಬೇಕಾದದ್ದು ನಡುಗೆರೆ. ನೆಕ್ ಕೂರುವ ಗುಳಿ, ಪಿಕಪ್ ಗುಳಿ, ಬ್ರಿಜ್ ಎಲ್ಲವೂ ಅದರಿಂದಲೇ ಅಳತೆ. ಕೊನೇವರೆಗೂ ಅದು ಅಳಿಸದಂತೆ ನೋಡಿಕೊಳ್ಳಿ. ಫೆಂಡರ್ ಥರದ ನೆಕ್‌ಗೆ ಗುಳಿಯ ಆಳ ಸುಮಾರು 16 ಮಿ.ಮೀ., ಅಗಲ 63.5 ಮಿ.ಮೀ. ಆದರೆ ಈ ಅಂಕಿ ನಂಬಿ ಕೊರೆಯಬೇಡಿ, ಕೈಯಲ್ಲಿರುವ ನೆಕ್ಕನ್ನೇ ಅಳೆದು ಕೊರೆಯಿರಿ. ಸ್ಕ್ರೂ ಹಾಕುವ ಮುನ್ನವೇ ನೆಕ್ ಗುಳಿಯಲ್ಲಿ ಬಿಗಿಯಾಗಿ ಕೂತು, ಬಾಡಿ ಎತ್ತಿದರೂ ಬೀಳದೆ ನಿಂತರೆ ಆ ದಿನದ ಕೆಲಸ ಸಾರ್ಥಕ.

ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆದುಕೊಳ್ಳಿ, ಸ್ಕ್ರೂಗೆ ಸ್ವಲ್ಪ ಮೇಣ ಸವರಿ. ನೆಕ್‌ನ ಮೇಪಲ್ ಗಟ್ಟಿ ಮರ. ಒಣ ಸ್ಕ್ರೂ ಬಲವಂತವಾಗಿ ತಿರುಗಿಸಿದರೆ ತಲೆ ಮುರಿದು ಒಳಗೇ ಉಳಿದುಬಿಡುತ್ತದೆ.

ಬ್ರಿಜ್ ಎಲ್ಲಿ ಕೂರಿಸಬೇಕು? ಫ್ರೆಟ್ ಲೆಕ್ಕ ಹೇಗೆ?

ನಟ್‌ನಿಂದ 12ನೇ ಫ್ರೆಟ್‌ಗೆ ಎಷ್ಟು ದೂರವೋ, ಅಲ್ಲಿಂದ ಬ್ರಿಜ್ ಸ್ಯಾಡಲ್‌ಗೆ ಅಷ್ಟೇ ದೂರ. 34 ಇಂಚಿನ ಬೇಸ್‌ನಲ್ಲಿ ಅದು 431.8 ಮಿ.ಮೀ. ಜಿ ತಂತಿಯ ಸ್ಯಾಡಲ್ಲನ್ನು ಬಹುತೇಕ ಮುಂದಕ್ಕೆ ತಂದು ಈ ಅಳತೆಗೆ ಕೂರಿಸಿ. ದಪ್ಪ ತಂತಿಗಳ ಸ್ಯಾಡಲ್ ಇನ್ನೂ ಹಿಂದಕ್ಕೆ ಹೋಗಬೇಕಾಗುತ್ತದೆ, ಅದಕ್ಕೆ ಜಾಗ ಉಳಿದಿರಬೇಕು. ತೂತು ಕೊರೆಯುವ ಮುಂಚೆ ನಟ್‌ನಿಂದ ಬ್ರಿಜ್‌ಗೆ ಎರಡು ದಾರ ಎಳೆದು, ಹೊರಗಿನ ತಂತಿಗಳು ನೆಕ್‌ನ ಅಂಚುಗಳಿಂದ ಸಮ ದೂರದಲ್ಲಿ ಹೋಗುತ್ತವಾ ನೋಡಿ.

ಫ್ರೆಟ್ ಲೆಕ್ಕಕ್ಕೆ 17.817 ಅನ್ನುವ ಸಂಖ್ಯೆ ನೆನಪಿಡಿ. ಸ್ಕೇಲ್ ಉದ್ದವನ್ನು ಅದರಿಂದ ಭಾಗಿಸಿದರೆ ಒಂದನೇ ಫ್ರೆಟ್‌ನ ದೂರ: 863.6 ಮಿ.ಮೀ.ಗೆ 48.47. ಉಳಿದ ಉದ್ದವನ್ನು ಮತ್ತೆ ಭಾಗಿಸಿದರೆ ಎರಡನೆಯದು, ಹೀಗೇ ಮುಂದಕ್ಕೆ. ಗುರುತು ಹಾಕುವಾಗ ಮಾತ್ರ ಎಲ್ಲವನ್ನೂ ನಟ್‌ನಿಂದಲೇ ಅಳೆಯಿರಿ. ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯುತ್ತಾ ಹೋದರೆ ಸಣ್ಣ ಸಣ್ಣ ತಪ್ಪುಗಳು ಕೂಡಿಕೊಳ್ಳುತ್ತವೆ.

ಬಣ್ಣಕ್ಕೆ ಏನು ಮಾಡಲಿ?

ಮೊದಲ ಸಲ ಎಣ್ಣೆ ಫಿನಿಶ್ ಸುಲಭ: ಟಂಗ್ ಎಣ್ಣೆ ಅಥವಾ ಕುದಿಸಿದ ಅಗಸೆ ಎಣ್ಣೆ. ತೆಳುವಾಗಿ ಸವರಿ, ಒರೆಸಿ, ಒಣಗಲು ಬಿಡಿ. ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿಡಿ, ಇಲ್ಲವೇ ಹೊರಗೆ ಹರಡಿ ಒಣಗಿಸಿ.

ಬೆರಳಲ್ಲಿ ನುಡಿಸಬೇಕೋ, ಪಿಕ್‌ನಲ್ಲೋ?

ಹಾಡಿಗೆ ಯಾವುದು ಹೊಂದುತ್ತದೋ ಅದು. ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ನುಡಿಸಿದರು. ಸ್ಟುಡಿಯೊಗಳಲ್ಲಿ ಅಪಾರ ಕೆಲಸ ಮಾಡಿದ ಕರೋಲ್ ಕೇ ಹಿಡಿದದ್ದು ಪಿಕ್. ಲ್ಯಾರಿ ಗ್ರಹಾಂ ಹೆಬ್ಬೆರಳಿನಿಂದ ಹೊಡೆದು ಹೊಸ ದಾರಿಯನ್ನೇ ತೋರಿಸಿದರು. ಕಲಿಯುವವರು ತೋರುಬೆರಳು, ನಡುಬೆರಳು ಎರಡನ್ನೂ ಒಂದಾದ ಮೇಲೊಂದರಂತೆ ಬಳಸಿ. ಮೀಟಿದ ಬೆರಳು ಮುಂದಿನ ತಂತಿಗೆ ತಾಗಿ ನಿಲ್ಲಲಿ.

ನುಡಿಸಿದರೆ ಎಲ್ಲ ಗೊಂದಲವಾಗಿ ಕೇಳುತ್ತದೆ. ಯಾಕೆ?

ನುಡಿಸದ ತಂತಿಗಳೂ ಅದುರುತ್ತಿವೆ. ಬೇಸ್‌ನಲ್ಲಿ ಸ್ವರ ಎಬ್ಬಿಸುವುದು ಅರ್ಧ ಕೆಲಸ, ಸುಮ್ಮನಿರಿಸುವುದು ಇನ್ನರ್ಧ. ಇ ತಂತಿ ನುಡಿಸುವಾಗ ಬಲ ಹೆಬ್ಬೆರಳು ಪಿಕಪ್ ಮೇಲಿರಲಿ. ಎ ತಂತಿಗೆ ಬಂದಾಗ ಹೆಬ್ಬೆರಳು ಇ ತಂತಿಯ ಮೇಲೆ ಇಳಿಯಲಿ. ಡಿ, ಜಿ ತಂತಿಗೆ ಬಂದಾಗ ಹೆಬ್ಬೆರಳು ಇ ತಂತಿಯನ್ನು ತಡೆದುಕೊಂಡೇ ಎ ತಂತಿಗೆ ಒರಗಲಿ. ಮೇಲಿನ ತಂತಿಗಳನ್ನು ಎಡಗೈ ಬೆರಳುಗಳ ಒಳಬದಿ ಮೆಲ್ಲಗೆ ಮುಟ್ಟಿಕೊಂಡಿರಲಿ. ಸ್ವರ ಎಷ್ಟು ಹೊತ್ತು ಉಳಿಯಬೇಕು ಅನ್ನುವುದು ಆಗ ನಿಮ್ಮ ಕೈಯಲ್ಲಿರುತ್ತದೆ. ಅದೊಂದರಿಂದಲೇ ಹಾಡಿನ ನಡಿಗೆ ಬದಲಾಗುತ್ತದೆ.

ಮಣಿಕಟ್ಟು ನೋಯುತ್ತದೆ.

ತಕ್ಷಣ ನಿಲ್ಲಿಸಿ. ಬೆರಳ ತುದಿ ಉರಿಯುವುದು ಸಹಜ, ಕೆಲವು ವಾರಗಳಲ್ಲಿ ಗಟ್ಟಿಯಾಗುತ್ತದೆ. ಮಣಿಕಟ್ಟಿನ ನೋವು ಸಹಿಸಬೇಕಾದ್ದಲ್ಲ. ಬೆಲ್ಟ್ ಎತ್ತರಿಸಿ, ಎರಡೂ ಮಣಿಕಟ್ಟು ಆದಷ್ಟು ನೇರವಾಗಿರಲಿ. ಕೆಳಗಿನ ಫ್ರೆಟ್‌ಗಳಲ್ಲಿ ನಾಲ್ಕು ಫ್ರೆಟ್‌ಗೆ ನಾಲ್ಕು ಬೆರಳು ಚಾಚುವ ಹಟ ಬೇಡ. ತೋರುಬೆರಳು, ನಡುಬೆರಳು, ಕಿರುಬೆರಳು ಸೇರಿ ಮೂರು ಫ್ರೆಟ್ ನೋಡಿಕೊಳ್ಳಲಿ. ಡಬಲ್ ಬೇಸ್ ನುಡಿಸುವವರದು ಇದೇ ಪದ್ಧತಿ. ನೋವು ಹೋಗದಿದ್ದರೆ ವೈದ್ಯರ ಹತ್ತಿರ ಹೋಗಿ.

ಫ್ರೆಟ್‌ಲೆಸ್ ಕಷ್ಟವಾ?

ಕಿವಿಗೆ ಕೆಲಸ ಜಾಸ್ತಿ. ಫ್ರೆಟ್ ಇರುವ ಬೇಸ್‌ನಲ್ಲಿ ಬೆರಳು ಫ್ರೆಟ್‌ನ ಸ್ವಲ್ಪ ಹಿಂದೆ ಕೂರುತ್ತದೆ, ಫ್ರೆಟ್ ಇಲ್ಲದ ಇದರಲ್ಲಿ ಫ್ರೆಟ್ ಇರಬೇಕಿದ್ದ ಗೆರೆಯ ಮೇಲೇ ಕೂರಬೇಕು. ಗಮಕ, ಜಾರು ಎಲ್ಲ ಸಲೀಸಾಗಿ ಬರುತ್ತದೆ. ಶ್ರುತಿ ಹಿಡಿದು ಹಾಡಿ ಅಭ್ಯಾಸವಿದ್ದವರು ಬೇಗ ಒಗ್ಗಿಕೊಳ್ಳುತ್ತಾರೆ. ರೌಂಡ್‌ವೂಂಡ್ ತಂತಿ ನೆಕ್ ಮೇಲೆ ಬೆರಳು ಒತ್ತುವ ಮರದ ಹಲಗೆಯನ್ನು ಸವೆಸುತ್ತದೆ. ಜಾಕೋ ಪಾಸ್ಟೋರಿಯಸ್ ಅದಕ್ಕೇ ತಮ್ಮ ಜಾಝ್ ಬೇಸ್‌ನ ಹಲಗೆಗೆ ಎಪಾಕ್ಸಿ ಲೇಪಿಸಿದ್ದರು. ಫ್ಲಾಟ್‌ವೂಂಡ್ ಹಾಕಿದರೆ ಆ ಚಿಂತೆಯಿಲ್ಲ.

ಹಾಡಿನಲ್ಲಿ ಬೇಸ್ ನನಗೆ ಕೇಳಿಸುವುದೇ ಇಲ್ಲ. ಕೇಳಿ ಕಲಿಯುವುದು ಹೇಗೆ?

ಫೋನಿನ ಸ್ಪೀಕರ್‌ನಲ್ಲಿ ಕೇಳುತ್ತಿದ್ದರೆ ತಪ್ಪು ನಿಮ್ಮದಲ್ಲ, 41 ಹರ್ಟ್ಸ್ ಅದರಿಂದ ಹೊರಬರುವುದೇ ಇಲ್ಲ. ಹೆಡ್‌ಫೋನ್ ಹಾಕಿ. ಮೊದಲು ಡ್ರಮ್ಸ್‌ನ ಕಾಲಿನ ಏಟು, ಅಂದರೆ ಕಿಕ್ ಡ್ರಮ್ ಹಿಡಿಯಿರಿ. ಬೇಸ್ ಬಹಳ ಸಲ ಅದರ ಜೊತೆಗೇ ಬೀಳುತ್ತದೆ. ಕೇಳಿದ ಸಾಲನ್ನು ವಾದ್ಯ ಮುಟ್ಟುವ ಮುಂಚೆ ಬಾಯಲ್ಲಿ ಗುನುಗಿ. ತೀರಾ ಕೆಳಗಿದ್ದರೆ ಒಂದು ಸ್ಥಾಯಿ ಮೇಲೆ ಗುನುಗಿದರೂ ಆಯಿತು. ಗುನುಗಲು ಬಂದ ಸಾಲು ಕೈಗೂ ಬರುತ್ತದೆ. ಆಮೇಲೆ ಮೆಟ್ರೊನೋಮನ್ನು ನಿಧಾನಕ್ಕೆ ಇಟ್ಟು ಆ ಒಂದೇ ಸಾಲನ್ನು ನುಡಿಸಿ, ಪ್ರತಿ ಸ್ವರ ಎಲ್ಲಿ ಶುರುವಾಗುತ್ತದೆ ಅನ್ನುವಷ್ಟೇ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಕೇಳಿಸಿಕೊಳ್ಳುತ್ತಾ.